ಆ ಮಾತು ಯಾರ ಕಿವಿಗೆ ಬಿತ್ತು? ಮೆಲ್ಬರ್ನ್‌ನ ಅಡಾಸ್ ಶಾಲೆಯ ಪ್ರಕರಣ

2008ರ ಮಾರ್ಚ್ 5ರಂದು ಮೆಲ್ಬರ್ನ್‌ನ ಅಡಾಸ್ ಇಸ್ರೇಲ್ ಶಾಲೆಗೆ ಸಂಬಂಧಿಸಿದ ಕೆಲವರು ಒಂದೆಡೆ ಸೇರಿದರು. ಪ್ರಾಂಶುಪಾಲೆ ಮಲ್ಕಾ ಲೈಫರ್ ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಾಳೆ ಎಂಬ ದೂರು ಅವರ ಮುಂದಿತ್ತು. ಆಕೆಯನ್ನು ಫೋನಿನಲ್ಲಿ ಕೇಳಿದರು, ಆಕೆ ಅಲ್ಲಗಳೆದಳು. ಕೆಲವೇ ಗಂಟೆಗಳಲ್ಲಿ, ಮಧ್ಯರಾತ್ರಿ ಕಳೆಯುತ್ತಲೇ, ಆಕೆ ಇಸ್ರೇಲ್‌ಗೆ ಹೊರಟ ವಿಮಾನ ಹತ್ತಿದ್ದಳು. ಟಿಕೆಟ್ ಹಣ ಕೊಟ್ಟದ್ದು ಶಾಲೆ. ಪೊಲೀಸರಿಗೆ ಮಾತ್ರ ಯಾರೂ ತಿಳಿಸಲಿಲ್ಲ.

ಆ ವಿಮಾನ ಹತ್ತಿದವಳನ್ನು ಮರಳಿ ಮೆಲ್ಬರ್ನ್‌ಗೆ ತರಲು ಹನ್ನೆರಡು ವರ್ಷ ಹತ್ತು ತಿಂಗಳು ಬೇಕಾಯಿತು. ಜೂರಿಯ, ಅಂದರೆ ಹನ್ನೆರಡು ಸಾಮಾನ್ಯ ನಾಗರಿಕರ ಮಂಡಳಿಯ ತೀರ್ಪು ಬಂದದ್ದು 2023ರ ಏಪ್ರಿಲ್ 3ರಂದು. ಧಾರ್ಮಿಕ ಸಮುದಾಯಗಳಲ್ಲಿ ಮಕ್ಕಳ ಮೇಲೆ ನಡೆಯುವ ದೌರ್ಜನ್ಯದ ಬಗ್ಗೆ ಮಾತಾಡುವಾಗ 'ಸಂತ್ರಸ್ತರು ಬಾಯಿ ಬಿಡಲಿಲ್ಲ' ಎನ್ನುವುದು ರೂಢಿ. ಈ ಪ್ರಕರಣ ಆ ರೂಢಿಯನ್ನೇ ಪ್ರಶ್ನಿಸುತ್ತದೆ. ಇಲ್ಲಿ ಬಾಯಿ ಬಿಟ್ಟಾಗಿತ್ತು. ಆದರೆ ಆ ಮಾತು ಮೊದಲು ಮುಟ್ಟಿದ್ದು ಅದನ್ನು ಒಳಗೇ ಇಟ್ಟುಕೊಳ್ಳುವವರನ್ನು.

ಸಮುದಾಯದ ಕಟ್ಟು

ಅಡಾಸ್ ಮೆಲ್ಬರ್ನ್‌ನ ರಿಪನ್‌ಲೀ, ಎಲ್ಸ್ಟರ್ನ್‌ವಿಕ್ ಬಡಾವಣೆಗಳ ಸುತ್ತ ನೆಲೆಸಿರುವ, ಕೆಲವು ನೂರು ಕುಟುಂಬಗಳ ಅತಿ ಸಂಪ್ರದಾಯನಿಷ್ಠ ಯಹೂದಿ ಸಮುದಾಯ. ಎರಡನೇ ಮಹಾಯುದ್ಧದ ನಂತರ ಯುರೋಪಿನಿಂದ ಜೀವ ಉಳಿಸಿಕೊಂಡು ಬಂದವರು ಇದನ್ನು ಬೆಳೆಸಿದರು. ಶಾಲೆ, ಪ್ರಾರ್ಥನಾ ಮಂದಿರ, ಅಂಗಡಿ, ಮದುವೆ ಸಂಬಂಧ ಎಲ್ಲವೂ ಒಂದೇ ಬಳಗದಲ್ಲಿ ಸುತ್ತುತ್ತವೆ. ಹೊರಗಿನವರ ಬಗ್ಗೆ ಇವರಿಗಿರುವ ಅಂಜಿಕೆ ಕಲ್ಪನೆಯಲ್ಲ. 2024ರ ಡಿಸೆಂಬರ್‌ನಲ್ಲಿ ಇವರ ಪ್ರಾರ್ಥನಾ ಮಂದಿರಕ್ಕೇ ಬೆಂಕಿ ಹಚ್ಚಲಾಯಿತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮುಚ್ಚಿಡುವವರೆಲ್ಲ ದುಷ್ಟರು ಎಂದು ಹೊರಟರೆ ಮುಚ್ಚಿಡುವಿಕೆ ಹೇಗೆ ನಡೆಯುತ್ತದೆ ಎಂಬುದು ಅರ್ಥವೇ ಆಗುವುದಿಲ್ಲ. ನಿಜವಾದ ಭಯವಿದ್ದ ಕಡೆಯೇ ಮೌನಕ್ಕೆ ಹೆಚ್ಚು ಬಲ.

ಆ ಭಯ ಧರ್ಮದ ಮಾತಿನಲ್ಲಿ ಮೂರು ರೂಪ ತಾಳುತ್ತದೆ. ಮೊದಲನೆಯದು 'ಮೆಸಿರಾ', ಯಹೂದಿಯೊಬ್ಬನನ್ನು ಪರರ ಆಡಳಿತಕ್ಕೆ ಒಪ್ಪಿಸಬಾರದು ಎಂಬ ಹಳೆಯ ಕಟ್ಟಳೆ. ಯಹೂದಿಗಳನ್ನು ದ್ವೇಷಿಸುವ ಅರಸರ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಅದು ಅನ್ವಯಿಸದು ಎಂದು ಆರ್ಥೊಡಾಕ್ಸ್ ರಬ್ಬಿಗಳ ಮಂಡಳಿಗಳೇ ಸಾರಿವೆ. ಆದರೆ ಸಾರಿದ್ದು ಬೇರೆ, ಪೊಲೀಸ್ ಠಾಣೆಗೆ ಹೋದವರನ್ನು ಪ್ರಾರ್ಥನಾ ಮಂದಿರದಲ್ಲಿ ನೋಡುವ ಬಗೆ ಬೇರೆ. ಮೆಲ್ಬರ್ನ್‌ನ ಇನ್ನೊಂದು ಯಹೂದಿ ಸಂಸ್ಥೆಯಾದ ಯೆಶಿವಾದ ಬಗ್ಗೆ 2015ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ರಾಯಲ್ ಕಮಿಷನ್ (ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ತನಿಖೆಗೆ ಸರ್ಕಾರ ನೇಮಿಸಿದ ಆಯೋಗ) ನಡೆಸಿದ ವಿಚಾರಣೆಯಲ್ಲಿ ಈ ಅಂತರ ಎದ್ದು ಕಂಡಿತು. ಅಲ್ಲಿ ತಮ್ಮ ಮೇಲಾದ ದೌರ್ಜನ್ಯದ ಬಗ್ಗೆ ಬಹಿರಂಗವಾಗಿ ಮಾತಾಡಿದ ಮ್ಯಾನಿ ವಾಕ್ಸ್ ಮತ್ತು ಅವರ ಮನೆಯವರನ್ನು ಸಮುದಾಯ ದೂರವಿಟ್ಟ ಬಗೆ ಅಲ್ಲಿ ದಾಖಲಾಗಿದೆ. ಎರಡನೆಯದು 'ಲಾಶೋನ್ ಹಾರಾ', ಪರರ ಬಗ್ಗೆ ಕೆಟ್ಟ ಮಾತು ಆಡಬಾರದೆಂಬ ನಿಯಮ. ಮೂರನೆಯದು ಶಾಸ್ತ್ರದಲ್ಲಿಲ್ಲ, ಮನೆಯಲ್ಲಿದೆ: ಹುಡುಗಿಯ ಹೆಸರು ಹೊರಬಿದ್ದರೆ ಅವಳಿಗಷ್ಟೇ ಅಲ್ಲ, ಅವಳ ತಂಗಿಯರಿಗೂ ಸಂಬಂಧ ಕೂಡಿಬರುವುದಿಲ್ಲ. ಈ ಮೂರನೆಯದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪದವೇ ಇಲ್ಲದ ಮಕ್ಕಳು

ಲೈಫರ್ 2000ರ ದಶಕದ ಆರಂಭದಲ್ಲಿ ಇಸ್ರೇಲ್‌ನಿಂದ ಧಾರ್ಮಿಕ ಶಿಕ್ಷಣದ ಮುಖ್ಯಸ್ಥೆಯಾಗಿ ಬಂದು, ನಂತರ ಪ್ರಾಂಶುಪಾಲೆಯಾದಳು. ಆ ಶಾಲೆಯಲ್ಲಿ ಓದಿ, ಆಕೆಯ ವಿರುದ್ಧ ಸ್ವಂತ ಹೆಸರಿನಲ್ಲೇ ಮುಂದೆ ಬಂದು ಹೋರಾಡಿದ ಮೂವರು ಸೋದರಿಯರು ನಿಕೋಲ್ ಮೇಯರ್, ಡ್ಯಾಸಿ ಎರ್ಲಿಕ್, ಎಲ್ಲಿ ಸ್ಯಾಪರ್. ಅವರ ಮನೆಯಲ್ಲಿ ಟೀವಿ, ರೇಡಿಯೊ, ಪತ್ರಿಕೆ ಇರಲಿಲ್ಲ. ಲೈಂಗಿಕತೆಯ ಬಗ್ಗೆ ಮದುವೆಯ ಹೊಸ್ತಿಲವರೆಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ ಎಂಬುದು ನ್ಯಾಯಾಲಯದಲ್ಲಿ ದಾಖಲಾದ ಸಂಗತಿ. ಮನೆಯ ವಾತಾವರಣವೂ ಕಠಿಣವಾಗಿತ್ತು, ಅದು ಪ್ರಾಂಶುಪಾಲೆಗೆ ಗೊತ್ತಿತ್ತು. ಪ್ರೀತಿಗೆ ಹಸಿದ ಮಗುವನ್ನು ಆರಿಸಿ, 'ನಿನಗೆ ವಿಶೇಷ ಪಾಠ' ಎಂದು ಕರೆದು, ಉಳಿದವರು ಅಸೂಯೆಪಡುವಂಥ ಗೌರವ ಕೊಟ್ಟು, ನಿಧಾನವಾಗಿ ಮುಟ್ಟುವುದು ಇಂಥ ಅಪರಾಧಿಗಳು ಹಿಡಿಯುವ ದಾರಿ.

ಅಪರಾಧಿ ಹೆಂಗಸಾಗಿದ್ದದ್ದು ಮೌನವನ್ನು ಇನ್ನಷ್ಟು ಗಟ್ಟಿ ಮಾಡಿತು. ಅಂಥ ಸಮುದಾಯದಲ್ಲಿ ಎಚ್ಚರಿಕೆಯೆಲ್ಲ ಗಂಡು-ಹೆಣ್ಣಿನ ನಡುವಿನ ಅಂತರದ ಮೇಲೆ ನಿಂತಿರುತ್ತದೆ. ಹೆಂಗಸು ಹುಡುಗಿಯೊಂದಿಗೆ ಬಾಗಿಲು ಹಾಕಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಗುರು ಸ್ಥಾನದಲ್ಲಿರುವವರು, ದೇವರ ಮಾತು ಹೇಳಿಕೊಡುವವರು ಮಾಡುವುದು ತಪ್ಪಿರಲಾರದು ಎಂದು ನಂಬಿದ ಮಗುವಿಗೆ ಉಳಿಯುವುದು ಒಂದೇ ತೀರ್ಮಾನ, ತಪ್ಪು ತನ್ನದೇ. ಈ ತೀರ್ಮಾನವೇ ಮುಂದೆ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬೇಡುವ ಗಂಟು.

ಮಾತು ನಡೆದ ದಾರಿ

ಡ್ಯಾಸಿ ಎರ್ಲಿಕ್ ಮದುವೆಯಾಗಿ ಇಸ್ರೇಲ್‌ಗೆ ಹೋದವರು. 2008ರಲ್ಲಿ ಅಲ್ಲಿನ ಸಮಾಜ ಕಾರ್ಯಕರ್ತೆಯೊಬ್ಬರ ಬಳಿ ಆಪ್ತಸಮಾಲೋಚನೆಯಲ್ಲಿದ್ದಾಗ ಮೊದಲು ಬಾಯಿ ಬಿಟ್ಟರು. ಆ ಮಾತು ಇಸ್ರೇಲ್‌ನಿಂದ ಮೆಲ್ಬರ್ನ್‌ನ ಮನಶ್ಶಾಸ್ತ್ರಜ್ಞೆಯೊಬ್ಬರಿಗೆ, ಅಲ್ಲಿಂದ ಶಾಲೆಗೆ ಹೋಯಿತು. ಶಾಲೆಗೆ ಮುಟ್ಟಿದಲ್ಲಿಗೆ ನಿಂತಿತು. ಮಾತು ಸಾಗಿದ ಒಂದೊಂದು ಕೊಂಡಿಯಲ್ಲೂ ಇದ್ದವರು ಕೇಳಿಸಿಕೊಂಡರು, ನಂಬಿದರು, ಏನೋ ಮಾಡಲು ಯತ್ನಿಸಿದರು. ಆದರೆ ಕೊನೆಯ ಕೊಂಡಿ ತನಿಖೆ ಮಾಡುವ ಅಧಿಕಾರವಿದ್ದ ಸಂಸ್ಥೆಯಲ್ಲ, ಹೆಸರು ಕಳೆದುಕೊಳ್ಳುವ ಸಂಸ್ಥೆ.

ಶಾಲೆ ಅಂದು ಮಾಡಿದ ಎರಡು ತಪ್ಪುಗಳು ಎಲ್ಲ ಕಡೆಯೂ ಆಗುವಂಥವು. ಮೊದಲನೆಯದು, ಆರೋಪಿಯನ್ನೇ ಮೊದಲು ಕೇಳಿದ್ದು. ದೂರಿನ ವಿವರ ಆರೋಪಿಗೆ ತಿಳಿದ ಗಳಿಗೆಯಿಂದ ಸಾಕ್ಷ್ಯ ಅಳಿಸುವ, ಸಾಕ್ಷಿಗಳನ್ನು ಒಲಿಸುವ, ಊರು ಬಿಡುವ ಗಡಿಯಾರ ಓಡತೊಡಗುತ್ತದೆ. ಎರಡನೆಯದು, 'ಕೆಲಸದಿಂದ ತೆಗೆದೆವು, ಸಮಸ್ಯೆ ಹೋಯಿತು' ಎಂದುಕೊಂಡದ್ದು. ಹೋದದ್ದು ಸಮಸ್ಯೆಯಲ್ಲ, ಬೇರೆ ದೇಶದ ಬೇರೆ ಮಕ್ಕಳ ನಡುವೆ ಇರಬಲ್ಲ ಮನುಷ್ಯಳು.

ಪೊಲೀಸ್ ದೂರು ದಾಖಲಾದದ್ದು 2011ರಲ್ಲಿ. ಮೊದಲ ಮಾತಿಗೂ ದೂರಿಗೂ ನಡುವೆ ಮೂರು ವರ್ಷ. ಹೊರಗಿನಿಂದ ನೋಡಿದರೆ ತಡ ಎನಿಸುತ್ತದೆ. ಆದರೆ ರಾಯಲ್ ಕಮಿಷನ್‌ನ ಖಾಸಗಿ ಭೇಟಿಗಳಲ್ಲಿ ಮಾತಾಡಿದವರು ಬಾಲ್ಯದ ದೌರ್ಜನ್ಯವನ್ನು ಮೊದಲ ಬಾರಿ ಹೇಳಿಕೊಳ್ಳಲು ತೆಗೆದುಕೊಂಡ ಸರಾಸರಿ ಕಾಲ 23.9 ವರ್ಷ. 8,000ಕ್ಕೂ ಹೆಚ್ಚು ಜನ ಅಂಥ ಭೇಟಿಗೆ ಬಂದಿದ್ದರು. ಆ ಅಳತೆಯಲ್ಲಿ ಇದು ಬೇಗನೆ ಆಡಿದ ಮಾತು.

ಹಣದ ತೀರ್ಪು ಮೊದಲು, ಶಿಕ್ಷೆ ಆಮೇಲೆ

ಆರೋಪಿ ದೇಶದಲ್ಲಿಲ್ಲದಾಗ ಕ್ರಿಮಿನಲ್ ಮೊಕದ್ದಮೆ ನಡೆಯದು, ಸಿವಿಲ್ ದಾವೆ ನಡೆಯಬಹುದು. ಎರ್ಲಿಕ್ ಅದನ್ನು ಹೂಡಿದರು. 2015ರ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಜ್ಯಾಕ್ ರಷ್ ಸುಮಾರು 12.7 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಆದೇಶಿಸಿದರು. ಇದರಲ್ಲಿ ದಂಡನಾರ್ಥಕ ಪರಿಹಾರವೆಂದು ಶಾಲೆಯಿಂದ 1 ಲಕ್ಷ, ಲೈಫರ್‌ಳಿಂದ 1.5 ಲಕ್ಷ ಡಾಲರ್ ಪ್ರತ್ಯೇಕವಾಗಿತ್ತು. ಅಂಥ ಗಂಭೀರ ಆರೋಪ ಬಂದ ಮೇಲೆ ಪೊಲೀಸರಿಗೆ ತಿಳಿಸದೆ, ಆಕೆಯ ತುರ್ತು ನಿರ್ಗಮನಕ್ಕೆ ಶಾಲೆಯೇ ಅನುಕೂಲ ಮಾಡಿಕೊಟ್ಟದ್ದನ್ನು ತೀರ್ಪು ಕಟುವಾಗಿ ಖಂಡಿಸಿತು.

ಈ ತೀರ್ಪಿನ ನಿಜವಾದ ಬೆಲೆ ಹಣದಲ್ಲಿಲ್ಲ. ಸಿವಿಲ್ ದಾವೆಯಲ್ಲಿ ಸಂಸ್ಥೆಯ ನಡತೆಯೇ ಪ್ರಶ್ನೆಯಾಗುತ್ತದೆ: ಯಾರಿಗೆ ಯಾವಾಗ ಗೊತ್ತಾಯಿತು, ಟಿಕೆಟ್ ಯಾರು ಮಾಡಿಸಿದರು, ಸಭೆಯಲ್ಲಿ ಯಾರಿದ್ದರು. ಕ್ರಿಮಿನಲ್ ಮೊಕದ್ದಮೆ ಒಬ್ಬ ವ್ಯಕ್ತಿಯನ್ನು ನೋಡುತ್ತದೆ, ಸಿವಿಲ್ ದಾವೆ ಆಕೆಯ ಸುತ್ತಲಿನ ಗೋಡೆಯನ್ನು ನೋಡುತ್ತದೆ. 'ನನಗೆ ಹುಚ್ಚಲ್ಲ, ನಡೆದದ್ದು ನಡೆದಿದೆ' ಎಂದು ಅಧಿಕಾರವಾಣಿಯೊಂದು ಬರೆದುಕೊಡುವುದು, ವರ್ಷಗಟ್ಟಲೆ ಸುಳ್ಳುಗಾರ್ತಿ ಎನಿಸಿಕೊಂಡವರಿಗೆ ಔಷಧಕ್ಕೆ ಸಮ. ಅದೇ ವರ್ಷದ ಜುಲೈ 1ರಿಂದ ವಿಕ್ಟೋರಿಯಾ ಬಾಲ್ಯದ ದೌರ್ಜನ್ಯದ ಸಿವಿಲ್ ದಾವೆಗಳಿಗೆ ಕಾಲಮಿತಿಯನ್ನೇ ತೆಗೆದುಹಾಕಿತು.

ಇತ್ತ ಇಸ್ರೇಲ್‌ನಲ್ಲಿ ಲೈಫರ್‌ಳನ್ನು ಆಸ್ಟ್ರೇಲಿಯಾಕ್ಕೆ ಒಪ್ಪಿಸುವ ಹಸ್ತಾಂತರ ಪ್ರಕ್ರಿಯೆ ಎಳೆದಾಡುತ್ತಿತ್ತು. 2014ರ ಆಗಸ್ಟ್‌ನಲ್ಲಿ ಬಂಧನ, ನಂತರ ಗೃಹಬಂಧನ. ವಿಚಾರಣೆಯ ದಿನ ಬಂತೆಂದರೆ ಆಸ್ಪತ್ರೆ. 2016ರಲ್ಲಿ ಮಾನಸಿಕವಾಗಿ ಅಸಮರ್ಥಳೆಂದು ನ್ಯಾಯಾಲಯ ಪ್ರಕ್ರಿಯೆ ನಿಲ್ಲಿಸಿತು. ಆಗ ದೌರ್ಜನ್ಯ ವಿರೋಧಿಸಲು ಯಹೂದಿಗಳೇ ಕಟ್ಟಿದ ಸಂಘಟನೆಯೊಂದು ಖಾಸಗಿ ಪತ್ತೇದಾರರನ್ನು ನೇಮಿಸಿತು. ಇಮ್ಯಾನುಯೆಲ್ ಎಂಬ ಊರಿನಲ್ಲಿ ಆಕೆ ಅಂಗಡಿಗೆ ಹೋಗುತ್ತ, ಜನರೊಂದಿಗೆ ಮಾತಾಡುತ್ತ ಓಡಾಡುವುದು ಚಿತ್ರೀಕರಣವಾಯಿತು. 2018ರ ಫೆಬ್ರುವರಿಯಲ್ಲಿ ಮರುಬಂಧನ. 2020ರ ಜನವರಿಯಲ್ಲಿ ಮನೋವೈದ್ಯರ ಮಂಡಳಿ ಆಕೆಯದು ನಟನೆ ಎಂದಿತು, ಮೇ ತಿಂಗಳಲ್ಲಿ ನ್ಯಾಯಾಲಯ ಒಪ್ಪಿತು, 2021ರ ಜನವರಿ 25ರಂದು ವಿಮಾನ ಹತ್ತಿಸಲಾಯಿತು. ಅಷ್ಟರಲ್ಲಿ ಎಪ್ಪತ್ತಕ್ಕೂ ಹೆಚ್ಚು ವಿಚಾರಣೆಗಳು ನಡೆದಿದ್ದವು. ವೈದ್ಯಕೀಯ ಅಭಿಪ್ರಾಯ ತಿರುಚಲು ಒತ್ತಡ ಹಾಕಿದ ಆರೋಪ ಎದುರಿಸಿದ ಮಾಜಿ ಸಚಿವ ಯಾಕೋವ್ ಲಿಟ್ಜ್‌ಮನ್ 2022ರಲ್ಲಿ ಒಪ್ಪಂದದ ಮೇರೆಗೆ ವಿಶ್ವಾಸದ್ರೋಹದ ತಪ್ಪೊಪ್ಪಿಕೊಂಡರು. ದಂಡ 3,000 ಶೆಕೆಲ್.

ಮುಂದೂಡಿಕೆಯ ಒಂದೊಂದು ದಿನವೂ ಸೋದರಿಯರಿಗೆ ಹೊಸ ಗಾಯ. ಇಂಥ ದೀರ್ಘ ಪ್ರಕರಣಗಳಲ್ಲಿ ವಿಚಾರಣೆಗೆ ಎರಡು ವಾರ ಮುಂಚೆ ನಿದ್ದೆ ಕೆಡುತ್ತದೆ, ಮುಂದೂಡಿದ ಮರುದಿನ ಮೈ ಕುಸಿಯುತ್ತದೆ, ಮುಂದಿನ ದಿನಾಂಕಕ್ಕೆ ಮತ್ತೆ ಮೊದಲಿನಿಂದ. ಆಪ್ತಸಮಾಲೋಚಕರು ಕೋರ್ಟ್ ದಿನಾಂಕಗಳನ್ನು ತಮ್ಮ ಕ್ಯಾಲೆಂಡರಿನಲ್ಲೂ ಬರೆದಿಟ್ಟುಕೊಳ್ಳಬೇಕು. ಆ ವಾರ ಹಳೆಯ ನೆನಪು ಕೆದಕುವ ಕೆಲಸ ಬೇಡ. ಊಟ, ನಿದ್ದೆ, ಜೊತೆಗೆ ಯಾರಿರುತ್ತಾರೆ ಎಂಬುದನ್ನು ಗಟ್ಟಿ ಮಾಡಿದರೆ ಸಾಕು.

ಪಾಟೀಸವಾಲು ಮತ್ತು ನೆನಪು

ಮೆಲ್ಬರ್ನ್‌ನ ಕೌಂಟಿ ಕೋರ್ಟ್‌ನಲ್ಲಿ ಸೋದರಿಯರ ಸಾಕ್ಷ್ಯ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯಿತು. ಪ್ರತಿವಾದಿ ವಕೀಲರು ಹಿಡಿದದ್ದು ನೆನಪಿನ ಎಳೆಯನ್ನು: ಅಂದು ಹಾಗೆ ಹೇಳಿದಿರಿ, ಇಂದು ಹೀಗೆ ಹೇಳುತ್ತಿದ್ದೀರಿ. ಆಘಾತದ ನೆನಪು ದಿನಚರಿ ಪುಸ್ತಕದಂತೆ ಇರುವುದಿಲ್ಲ. ಕೋಣೆಯ ಪರದೆಯ ಬಣ್ಣ, ಸೋಪಿನ ವಾಸನೆ, ಮೇಜಿನ ಮೂಲೆ ಸ್ಪಷ್ಟವಾಗಿರುತ್ತದೆ. ಅದು ಯಾವ ತಿಂಗಳು, ಎಷ್ಟನೇ ಸಲ ಎಂಬುದು ಕಲಸಿಹೋಗಿರುತ್ತದೆ. ಒಂದೇ ಬಗೆಯ ಕೃತ್ಯ ಹತ್ತಾರು ಸಲ ನಡೆದಾಗ ಮನಸ್ಸು ಅವನ್ನೆಲ್ಲ ಒಂದಾಗಿ ಮಡಚಿಡುತ್ತದೆ. ಇದಕ್ಕೆ ಪರಿಹಾರ ದಿನಾಂಕ ಊಹಿಸುವುದಲ್ಲ. ಊಹೆಯ ದಿನಾಂಕವೇ ಪಾಟೀಸವಾಲಿನಲ್ಲಿ ಮೊದಲು ಮುರಿಯುವ ಕೊಂಡಿ. ಗೊತ್ತಿರುವುದಕ್ಕೆ ಗಂಟು ಹಾಕಬೇಕು: ಯಾವ ತರಗತಿ, ಯಾವ ಹಬ್ಬದ ಹಿಂದು-ಮುಂದು, ಯಾವ ಶಿಬಿರ, ಆಗ ಯಾವ ಮನೆಯಲ್ಲಿದ್ದೆವು, ತಮ್ಮ ಹುಟ್ಟಿದ್ದನೇ. ಗೊತ್ತಿಲ್ಲದ್ದಕ್ಕೆ 'ನೆನಪಿಲ್ಲ' ಎನ್ನುವುದು ಸಾಕ್ಷಿಯನ್ನು ದುರ್ಬಲ ಮಾಡುವುದಿಲ್ಲ.

ಒಂಬತ್ತು ದಿನ ಚರ್ಚಿಸಿದ ಜೂರಿ 27 ಆರೋಪಗಳಲ್ಲಿ 18ರಲ್ಲಿ ದೋಷಿ ಎಂದಿತು. ಉಳಿದ 9ರಲ್ಲಿ ಇಲ್ಲ ಎಂದಿತು. ಆ ಒಂಬತ್ತರಲ್ಲಿ ಹಿರಿಯಕ್ಕ ನಿಕೋಲ್ ಮೇಯರ್‌ಗೆ ಸಂಬಂಧಿಸಿದ ಆರೋಪಗಳೆಲ್ಲ ಸೇರಿದ್ದವು. ಮೂವರೂ ಒಟ್ಟಿಗೆ ನಡೆದರು, ಇಬ್ಬರಿಗೆ ಮಾತ್ರ ತೀರ್ಪು ದಕ್ಕಿತು. ಇಡೀ ಪ್ರಕರಣದಲ್ಲಿ ಅತ್ಯಂತ ಭಾರವಾದ ಗಳಿಗೆ ಇದೇ. ಖುಲಾಸೆ ಎಂದರೆ ಸಂಶಯಾತೀತವಾಗಿ ಸಾಬೀತಾಗಲಿಲ್ಲ ಎಂದಷ್ಟೇ ಕಾನೂನಿನ ಅರ್ಥ. ಆದರೆ ಅದನ್ನು ಕೇಳಿಸಿಕೊಳ್ಳುವ ಮನಸ್ಸು 'ನಿನ್ನನ್ನು ನಂಬಲಿಲ್ಲ' ಎಂದೇ ಕೇಳಿಸಿಕೊಳ್ಳುತ್ತದೆ. ಈ ಸಾಧ್ಯತೆಯನ್ನು ವಿಚಾರಣೆ ಆರಂಭವಾಗುವ ಮುಂಚೆಯೇ, ತೀರ್ಪಿಗೆ ತಿಂಗಳುಗಳ ಮೊದಲೇ ಕೂತು ಮಾತಾಡಿರಬೇಕು. ವಾಸಿಯಾಗುವುದನ್ನು ತೀರ್ಪಿನ ಗೂಟಕ್ಕೆ ಕಟ್ಟಿದರೆ ಹನ್ನೆರಡು ಅಪರಿಚಿತರ ಕೈಗೆ ಅದನ್ನು ಒಪ್ಪಿಸಿದಂತಾಗುತ್ತದೆ.

ವಾಸಿಯಾಗುವ ಕ್ರಮ

ಆಘಾತ ಚಿಕಿತ್ಸೆಯಲ್ಲಿ ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರೊಂದಿಗೆ ಬೆರೆಯುವುದು ಎಂಬ ಮೂರು ಹಂತಗಳನ್ನು ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಗುರುತಿಸಿದರು. ಕ್ರಮ ತಪ್ಪಿದರೆ ಕೆಡುತ್ತದೆ. ಉಳಿಯಲು ಜಾಗ, ಕೈಯಲ್ಲಿ ಸ್ವಲ್ಪ ಹಣ, ಆತ್ಮಹತ್ಯೆಯ ಯೋಚನೆ ಬಂದಾಗ ಕರೆಯಲು ಒಬ್ಬರು ಇಲ್ಲದೆ ನೆನಪು ಬಿಚ್ಚಿಸುವ ಚಿಕಿತ್ಸಕರು ಒಳ್ಳೆಯದಕ್ಕಿಂತ ಹೆಚ್ಚು ಹಾನಿ ಮಾಡುತ್ತಾರೆ. 2022ರಲ್ಲಿ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೇ ಆವೃತ್ತಿ, ದೀರ್ಘ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯಾದ 'ಸಂಕೀರ್ಣ ಪಿಟಿಎಸ್‌ಡಿ'ಯನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ಘಟನೆ ಮತ್ತೆ ನಡೆಯುತ್ತಿದೆ ಎನಿಸುವುದು, ನೆನಪಿಸುವುದರಿಂದ ದೂರವಿರುವುದು, ಸದಾ ಅಪಾಯದ ಎಚ್ಚರ, ಇವುಗಳ ಜೊತೆಗೆ ಭಾವನೆ ಹತೋಟಿಗೆ ಬಾರದಿರುವುದು, 'ನಾನು ಕೆಟ್ಟವಳು' ಎಂಬ ನಂಬಿಕೆ, ಸಂಬಂಧ ಉಳಿಸಿಕೊಳ್ಳಲಾಗದಿರುವುದು. ಒಂದು ಬಾರಿಯ ಆಘಾತಕ್ಕೆ 8ರಿಂದ 12 ಅವಧಿಗಳ ಚಿಕಿತ್ಸೆ ಸಾಕಾಗಬಹುದು. ವರ್ಷಗಟ್ಟಲೆ, ನಂಬಿದವರಿಂದಲೇ ಆದದ್ದಕ್ಕೆ ಆ ಲೆಕ್ಕ ಸಾಲದು.

ಧಾರ್ಮಿಕ ಸಮುದಾಯದಿಂದ ಬಂದವರಿಗೆ ಇನ್ನೂ ಒಂದು ಪದರವಿದೆ. ಪ್ರಾರ್ಥನೆಯ ರಾಗ, ಹಬ್ಬದ ಅಡುಗೆಯ ಪರಿಮಳ, ದೀಪ ಹಚ್ಚುವ ಹೊತ್ತು, ಹಿಂದೆ ನೆಮ್ಮದಿ ಕೊಟ್ಟದ್ದೇ ಈಗ ಮೈ ನಡುಗಿಸುತ್ತದೆ. ಕೆಲವರು ಧರ್ಮ ಬಿಡುತ್ತಾರೆ, ಕೆಲವರು ಉಳಿಯುತ್ತಾರೆ, ಕೆಲವರು ತಮಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಯಾವುದು ಸರಿ ಎಂದು ಹೇಳುವ ಹಕ್ಕು ಚಿಕಿತ್ಸಕರಿಗಿಲ್ಲ. ಬೇಗ ಕ್ಷಮಿಸು ಎನ್ನುವ ಹಿರಿಯರಿಗೂ ಇಲ್ಲ. ಅಪರಾಧಿಯನ್ನೂ ಸಂತ್ರಸ್ತರನ್ನೂ ಎದುರುಬದುರು ಕೂರಿಸುವ 'ರಾಜಿ ಪಂಚಾಯ್ತಿ' ಯಾವ ಸಮುದಾಯದಲ್ಲೂ ಬೇಡ. ಅದು ಅಧಿಕಾರವಿದ್ದವರಿಗೆ ಎರಡನೇ ಸಲ ಅವಕಾಶ ಕೊಟ್ಟಂತೆ. ಆಪ್ತಸಮಾಲೋಚಕರು ಅದೇ ಶಾಲೆಯ ಆಡಳಿತ ಮಂಡಳಿಯವರ ನೆಂಟರಾಗಿದ್ದರೆ, ಎಷ್ಟೇ ಒಳ್ಳೆಯವರಾದರೂ, ಬೇರೆಯವರನ್ನು ಹುಡುಕಬೇಕು.

ಮೊದಲು ಕೇಳಿಸಿಕೊಳ್ಳುವವರಿಗೆ

ಮಗು ಅಥವಾ ದೊಡ್ಡವರು ಬಾಯಿ ಬಿಟ್ಟಾಗ ಎದುರಿಗಿರುವವರು ತನಿಖಾಧಿಕಾರಿಯಾಗಬಾರದು. 'ಅವರು ಇಲ್ಲಿ ಮುಟ್ಟಿದರಾ?' ಎಂದು ಉತ್ತರವನ್ನೇ ಪ್ರಶ್ನೆಯಲ್ಲಿ ತುಂಬಿದರೆ ಆ ಹೇಳಿಕೆ ಮುಂದೆ ಕೋರ್ಟ್‌ನಲ್ಲಿ ನಿಲ್ಲುವುದಿಲ್ಲ. 'ಆಮೇಲೆ ಏನಾಯ್ತು?' ಸಾಕು. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು. ಅವರು ಆಡಿದ ಪದಗಳನ್ನೇ, ತಿದ್ದದೆ, ಅದೇ ದಿನ ಬರೆದು ದಿನಾಂಕ, ಸಮಯ, ಜಾಗ ಹಾಕಿ. ಘಟನೆ ಇತ್ತೀಚಿನದಾದರೆ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ (ಪ್ಲಾಸ್ಟಿಕ್‌ನಲ್ಲಿ ತೇವ ಉಳಿದು ಕೆಡುತ್ತದೆ), ಬೇಗ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಆರೋಪಿಗೆ, ಅವರ ಮನೆಗೆ, ಟ್ರಸ್ಟಿಗೆ, ಮಠಕ್ಕೆ, ಪಾದ್ರಿಗೆ ಫೋನ್ ಮಾಡಬೇಡಿ. ಪೊಲೀಸರಿಗೆ ಮೊದಲು.

ಭಾರತದಲ್ಲಿ ಇದು ಕರ್ತವ್ಯವಷ್ಟೇ ಅಲ್ಲ, ಕಾನೂನು. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ, ತನ್ನ ಕೈಕೆಳಗಿನವರ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಹೊಣೆಯಿಲ್ಲ. ಶಿಕ್ಷಣ ಅಥವಾ ಧಾರ್ಮಿಕ ಸಂಸ್ಥೆಯ ಸಿಬ್ಬಂದಿಯೇ ಅಪರಾಧ ಎಸಗಿದರೆ ಅದು ಹೆಚ್ಚು ಕಠಿಣ ಶಿಕ್ಷೆಯ ವರ್ಗಕ್ಕೆ ಸೇರುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಮಗು ಇಷ್ಟಪಟ್ಟ ಜಾಗದಲ್ಲಿ ಪಡೆಯಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416. ಇದರಲ್ಲೊಂದು ಇಕ್ಕಟ್ಟು ಇದೆ. ಆಪ್ತಸಮಾಲೋಚಕರೂ ವರದಿ ಮಾಡಲೇಬೇಕಾದ್ದರಿಂದ, ಗೋಪ್ಯತೆಯ ಮಿತಿಯನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ಹೇಳಿಬಿಡಬೇಕು. ಹೇಳಿಕೊಂಡ ಮೇಲೆ ತಿಳಿಸಿದರೆ ಅದು ಇನ್ನೊಂದು ನಂಬಿಕೆದ್ರೋಹವಾಗುತ್ತದೆ.

ಮೆಲ್ಬರ್ನ್‌ನಲ್ಲಿ ನೆಲೆಸಿದ ಕನ್ನಡಿಗರಿಗೂ ಇದು ದೂರದ ಮಾತಲ್ಲ. ವಿಕ್ಟೋರಿಯಾದಲ್ಲಿ 2014ರ ಅಕ್ಟೋಬರ್ 27ರಿಂದ, 16 ವರ್ಷದೊಳಗಿನ ಮಗುವಿನ ಮೇಲೆ ವಯಸ್ಕರು ಲೈಂಗಿಕ ಅಪರಾಧ ಎಸಗಿದ್ದಾರೆಂದು ನಂಬಲು ಕಾರಣವಿದ್ದೂ ಪೊಲೀಸರಿಗೆ ತಿಳಿಸದ ವಯಸ್ಕರು ಅಪರಾಧಿಗಳಾಗುತ್ತಾರೆ. ಸೂಕ್ತ ಕಾರಣಕ್ಕೆ ಕೆಲವು ವಿನಾಯಿತಿಗಳಷ್ಟೇ ಉಂಟು. 2020ರ ಫೆಬ್ರುವರಿಯಿಂದ ಧರ್ಮಗುರುಗಳೂ ಕಡ್ಡಾಯ ವರದಿಗಾರರ ಪಟ್ಟಿಯಲ್ಲಿದ್ದಾರೆ. ದೇವಸ್ಥಾನದ ಭಾನುವಾರದ ಪಾಠಶಾಲೆ ನಡೆಸುವವರು ಈ ಎರಡು ನಿಯಮ ಓದಿಕೊಂಡಿರಬೇಕು.

2023ರ ಆಗಸ್ಟ್ 24ರಂದು ನ್ಯಾಯಾಧೀಶ ಮಾರ್ಕ್ ಗ್ಯಾಂಬಲ್ ಲೈಫರ್‌ಗೆ 15 ವರ್ಷ ಜೈಲು ವಿಧಿಸಿದರು. ಪೆರೋಲ್ ಸಿಗುವ ಮುಂಚೆ ಕನಿಷ್ಠ 11 ವರ್ಷ 6 ತಿಂಗಳು ಒಳಗಿರಬೇಕು. ಅದರಲ್ಲಿ 2,069 ದಿನ ಆಗಲೇ ಕಳೆದಿದ್ದವು. ಲೆಕ್ಕ ಹಾಕಿದರೆ 2029ರ ಮಧ್ಯಭಾಗದಲ್ಲಿ ಆಕೆ ಪೆರೋಲ್ ಕೇಳಬಹುದು. ವಿಕ್ಟೋರಿಯಾದಲ್ಲಿ ಸಂತ್ರಸ್ತರ ನೋಂದಣಿ ಪುಸ್ತಕವಿದೆ. ಅದರಲ್ಲಿ ಹೆಸರು ಬರೆಸಿದವರಿಗೆ ಬಿಡುಗಡೆಯ ವಿಷಯ ಮೊದಲೇ ತಿಳಿಸುತ್ತಾರೆ, ಪೆರೋಲ್ ಮಂಡಳಿಗೆ ಅವರು ತಮ್ಮ ಮಾತು ಬರೆದು ಸಲ್ಲಿಸಬಹುದು.